ಪರಿವಿಡಿಯಲ್ಲಿ ಇಲ್ಲದ ಪುಟ

ಅಪ್ಪನಿಗೆ,

ನಿನ್ನ ಬಾಯ್ಲರ್ ಕೋಣೆಗೆ ಬಂದಿರುವ ಹೊಸ ಕೈಪಿಡಿಯನ್ನು ಸಿದ್ಧಪಡಿಸಿದವಳು ನಾನೇ. ಬೀಗಬೇಡ, ಮುಂದೆ ಓದು.

ನಮ್ಮ ಆಫೀಸಿನಲ್ಲಿ ಪರಿವಿಡಿಯನ್ನು ಯಾರೂ ಕೂತು ಬರೆಯುವುದಿಲ್ಲ. ಅಧ್ಯಾಯ, ಅದರೊಳಗಿನ ಭಾಗ, ಅದರೊಳಗಿನ ಚಿಕ್ಕ ಭಾಗ ಹೀಗೆ ಎಷ್ಟು ಹಂತದ ಶೀರ್ಷಿಕೆಗಳು ಬೇಕೆಂದು ಕಂಪ್ಯೂಟರಿನ ಎಕ್ಸ್‌ಎಂಎಲ್ ಕಡತಕ್ಕೆ ಒಂದು ಅಂಕಿ ಕೊಟ್ಟರೆ ಅದು ತಾನಾಗಿಯೇ ಮೂಡುತ್ತದೆ. "ಪರಿವಿಡಿಗೆ ಎರಡು ಪುಟ ಯಾಕಮ್ಮಾ? ಒಂದಕ್ಕೆ ಇಳಿಸು" ಅಂದರು ನಮ್ಮ ಸಾಹೇಬರು. ಮೂರು ಇದ್ದ ಅಂಕಿಯನ್ನು ಎರಡು ಮಾಡಿದೆ. ಪರಿವಿಡಿ ಅಂದವಾಗಿ ಒಂದೇ ಪುಟದಲ್ಲಿ ಕೂತಿತು.

'ಒತ್ತಡ ಮಿತಿ ಮೀರಿದರೆ' ಎಂಬ ಭಾಗ ಮೂರನೇ ಹಂತದಲ್ಲಿತ್ತು. ಅದು ಪುಸ್ತಕದೊಳಗೆ ಈಗಲೂ ಇದೆ, ಪರಿವಿಡಿಯಲ್ಲಿ ಮಾತ್ರ ಇಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಅಚ್ಚಾದ ಮೇಲೆ. "ಮುಂದಿನ ಮುದ್ರಣದಲ್ಲಿ ನೋಡೋಣ ಬಿಡು" ಅಂದರು ಸಾಹೇಬರು.

"ಪರಿವಿಡಿಯಲ್ಲಿ ಇಲ್ಲ ಅಂದ್ರೆ ಪುಸ್ತಕದಲ್ಲೂ ಇಲ್ಲ" ಅನ್ನುವವನು ನೀನು. ಅದಕ್ಕೇ ಕೇಳುತ್ತಿದ್ದೇನೆ, ಪರಿವಿಡಿಯ ಕೆಳಗೆ ಪೆನ್ನಿನಲ್ಲಿ ದಪ್ಪಗೆ ಬರೆ: ಒತ್ತಡ ಮಿತಿ ಮೀರಿದರೆ, ಪುಟ 212. ಮೂರೂ ಪಾಳಿಯವರಿಗೆ ತೋರಿಸು. ಬಾಯ್ಲರಿನ ಒತ್ತಡ ಮಾಪಕದ ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗುತ್ತಿದೆ ಅಂತ ನಿನ್ನೆ ತಾನೇ ಹೇಳಿದೆಯಲ್ಲ.

ಒಳಗೆ ಫೋನ್ ಒಯ್ಯಲು ಬಿಡುವುದಿಲ್ಲವೆಂದು ಈ ಕಾಗದವನ್ನು ನಿಮ್ಮ ಕಾರ್ಖಾನೆಯ ವ್ಯಾನಿನವರ ಕೈಲಿ ಕಳಿಸುತ್ತಿದ್ದೇನೆ. "ಬೆಳಗ್ಗೆಯಿಂದ ಗೇಟಿನೊಳಗೆ ಯಾರನ್ನೂ ಬಿಡ್ತಿಲ್ಲಮ್ಮಾ" ಅಂದರು ಅವರು. ಯಾಕೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ; ರಾತ್ರಿ ಪಾಳಿಗೆ ಹೋದ ನೀನು ಇನ್ನೂ ಮನೆಗೆ ಬಂದಿಲ್ಲ.

ಕಾಗದ ಸಿಕ್ಕಿತೆಂದು ನಿನ್ನ ಕೈಯಾರೆ ಒಂದು ಸಾಲು ಬರೆದು ಕಳಿಸು.

ನಿನ್ನ ಮಗಳು