ಕಲ್ಲಿನ ಮೊದಲ ತುತ್ತು

ಅಣ್ಣನ ಮನೆ,
ಭಾನುವಾರ ಮಧ್ಯಾಹ್ನ

ನಮ್ಮ ಗುಂಡಮ್ಮನ ಅಪ್ಪನಿಗೆ,

ನೀವು ಕಳಿಸಿದ ಹಿಟ್ಟಿನ ಡಬ್ಬಿ ಗುರುವಾರವೇ ಬಂತು. ಬಸ್ಸಿನ ಡ್ರೈವರ್ ಎಂದಿನಂತೆ ಮನೆ ಬಾಗಿಲವರೆಗೆ ತಂದುಕೊಟ್ಟು, ನಿಮ್ಮ ಯಜಮಾನರು ಇದನ್ನ ಚಿನ್ನ ಕಳಿಸೋ ಹಾಗೆ ಕಳಿಸ್ತಾರಮ್ಮ ಅಂತ ನಗಾಡಿ ಹೋದ. ಮುಚ್ಚಳದ ಸುತ್ತ ನೀವು ಸುತ್ತಿದ ಟೇಪು ಹಾಗೇ ಇದೆ. ನಾನು ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನಿಮ್ಮ ಬೆನ್ನ ಹಿಂದೆ ಗಿರಣಿ ಗುಡುಗುತ್ತಿರುತ್ತದೆ. ನಾನು ಅರ್ಧ ಹೇಳುವಷ್ಟರಲ್ಲಿ ನೀವು ಬಾಯಿ ಹಾಕುತ್ತೀರಿ, ಆಮೇಲೆ ಇಬ್ಬರೂ ಕಿರುಚಾಡಿ ಫೋನ್ ಇಡುತ್ತೇವೆ. ಈ ಸಲ ಕಿರುಚಲು ನನ್ನಲ್ಲಿ ತ್ರಾಣವಿಲ್ಲ. ನೀವೂ ದಯವಿಟ್ಟು ಒಂದು ಕಡೆ ಕೂತು ಓದಿ.

ಮಗಳ ರಕ್ತದ ರಿಪೋರ್ಟು ಬಂದಿದೆ. ಹೋದ ಸಲದ ಅಂಕಿಗಿಂತ ಏನೂ ಇಳಿದಿಲ್ಲ. ಗೋಧಿಯಲ್ಲಿರುವ ಆ ಗ್ಲುಟೆನ್ ಅನ್ನುವ ಅಂಟು ಎಲ್ಲಿಂದಲೋ ಇವಳ ಹೊಟ್ಟೆಗೆ ಹೋಗುತ್ತಲೇ ಇದೆ, ಕರುಳಿನ ಒಳಪದರ ಮಾಯುವುದಕ್ಕೇ ಬಿಡುತ್ತಿಲ್ಲ ಎಂದರು ಡಾಕ್ಟರಮ್ಮ. ಸೀಲಿಯಾಕ್ ಇರುವ ಮಗುವಿಗೆ ರೊಟ್ಟಿಯೇ ಬೇಕಿಲ್ಲ, ಚಿಟಿಕೆ ಹಿಟ್ಟು ಸಾಕು ಅಂತ ಅವರು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಈ ಸಲ ಎಲುಬಿನ ಫೋಟೋ ದೀಪಕ್ಕೆ ಹಿಡಿದು ಇನ್ನೊಂದು ಮಾತು ಹೇಳಿದರು. ಬೆಳೆಯೋ ವಯಸ್ಸು ಯಾರಿಗೂ ಕಾಯ್ಕೊಂಡು ಕೂರಲ್ಲಮ್ಮ, ಹೋದ ಎತ್ತರ ಆಮೇಲೆ ಬರಲ್ಲ ಅಂತ. ಹನ್ನೊಂದು ತುಂಬಿದ ಹುಡುಗಿ ಏಳನೇ ವಯಸ್ಸಿನ ಫ್ರಾಕು ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು. ಹುಟ್ಟಿದಾಗ ತೊಟ್ಟಿಲು ತುಂಬ ಇದ್ದಾಳೆ ಅಂತ ಗುಂಡಮ್ಮ ಎಂದು ಹೆಸರಿಟ್ಟವರು ನೀವು. ಶಾಲೆಯಲ್ಲಿ ಈಗ ಅವಳಿಗೆ ಕಡ್ಡಿ ಅನ್ನುತ್ತಾರೆ.

ಗಿರಣಿಯ ಮೇಲಿನ ಮನೆ ಬಿಟ್ಟು ಅವಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು ವರ್ಷ ಕಳೆಯಿತು. ನಿಮ್ಮ ಕಣ್ಣರೆಪ್ಪೆ ಮೇಲೂ ಗೋಧಿ ಕೂತಿದೆ, ನೀವು ಮುದ್ದು ಮಾಡಿದರೂ ಮಗುವಿಗೆ ವಿಷ ಅಂತ ಹೊರಡುವಾಗ ಅಂದಿದ್ದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಟ್ಟಿನ ಧೂಳು ಮೆಟ್ಟಿಲು ಹತ್ತಿ ಅಡುಗೆಮನೆಗೆ ಬರುತ್ತಿದ್ದದ್ದು ನಿಜ.

ಆದರೆ ನೀವು ಕೈಕಟ್ಟಿ ಕೂರಲಿಲ್ಲ, ಅದನ್ನೂ ಹೇಳಬೇಕು. ಹಿತ್ತಲ ಕೋಣೆಗೆ ಬೇರೆ ಬಾಗಿಲು ಇಡಿಸಿದಿರಿ, ಕಿಟಕಿಗೆ ಗಾಜು ಕೂರಿಸಿದಿರಿ, ಅವಳಿಗೆಂದೇ ಚಿಕ್ಕದೊಂದು ಹೊಸ ಬೀಸುವ ಕಲ್ಲು ಹಾಕಿಸಿದಿರಿ. ಆ ಕಲ್ಲಿನಲ್ಲಿ ಅಕ್ಕಿ, ಮೆಕ್ಕೆಜೋಳ ಬಿಟ್ಟು ಬೇರೇನೂ ಬೀಳಬಾರದು. ಕಾಳು ಕಾಳು ಆರಿಸಿ, ತೊಳೆದು ಒಣಗಿಸಿ, ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡು ಆಮೇಲೆ ನೀವು ಆ ಕೋಣೆಗೆ ಕಾಲಿಡುತ್ತಿದ್ದಿರಿ. ಆಪರೇಷನ್ ಮಾಡೋ ಡಾಕ್ಟರೂ ಇಷ್ಟು ತೊಳೆಯಲ್ಲ ಅಂತ ನಮ್ಮ ಅತ್ತಿಗೆ ತಮಾಷೆ ಮಾಡುತ್ತಿದ್ದರು. ಹೋದ ರಜೆಯಲ್ಲಿ ಮಗಳನ್ನು ಕರೆತಂದಾಗ ಅವಳನ್ನು ಅಲ್ಲಿ ಸ್ಟೂಲಿನ ಮೇಲೆ ಕೂರಿಸಿಕೊಂಡು ಇಡೀ ಬೆಳಗ್ಗೆ ನಿಮ್ಮ ಕೆಲಸವನ್ನೆಲ್ಲ ತೋರಿಸಿದಿರಿ. ನಾನು ಹಟ ಹಿಡಿದು ಎದುರಿನ ಸೈಕಲ್ ರಿಪೇರಿ ಅಂಗಡಿಯ ನೆರಳಲ್ಲೇ ನಿಂತಿದ್ದೆ. ವಾಪಸ್ ಬರುವಾಗ ಅವಳು ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ನಿಮ್ಮನ್ನು ಬಿಟ್ಟುಬಂದ ಬೇಸರ ಅಂದುಕೊಂಡೆ.

ಅಂಥ ಹಿಟ್ಟನ್ನು ಅನುಮಾನಿಸಲು ನನಗೂ ಮನಸ್ಸು ಬರಲಿಲ್ಲ. ಹಿಂದಿನ ರಿಪೋರ್ಟೂ ಕೆಟ್ಟದಾಗಿ ಬಂದಾಗ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅನುಮಾನಿಸಿದೆ. ಅತ್ತಿಗೆಯ ಮರದ ಸೌಟು, ಲಟ್ಟಣಿಗೆ, ಜರಡಿ ಎಲ್ಲ ಎಸೆದೆ. ಬೇಳೆಯಲ್ಲಿ ಎರಡು ಗೋಧಿಕಾಳು ಸಿಕ್ಕವು. ಅಂಗಡಿಯಾತ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಅಳೆಯುತ್ತಾನೆ ಅಂತ ಗೊತ್ತಾಗಿ ಅವನ ಜೊತೆ ಜಗಳ ಕಾದು ಅಂಗಡಿ ಬದಲಿಸಿದೆ. ಅಣ್ಣನ ಮಕ್ಕಳು ಬಿಸ್ಕತ್ತು ಹಿಡಿದರೆ ಸಾಕು, ಬಾಗಿಲಾಚೆ ಅಟ್ಟಿದೆ. ಅತ್ತಿಗೆ ಮುಖ ಊದಿಸಿಕೊಂಡರು. ಪೊಲೀಸ್ ನಾಯಿ ಥರ ಮೂಸ್ತಾ ಓಡಾಡ್ತೀಯಲ್ಲೇ ಅಂದ ಅಣ್ಣ. ಅವನು ನಗಿಸಲು ಅಂದದ್ದು, ನನಗೆ ನಗು ಬರಲಿಲ್ಲ.

ಕೊನೆಗೆ ಉಳಿದವಳು ಮಗಳು. ಶಾಲೆಯಲ್ಲಿ ಯಾರ ಡಬ್ಬಿಗಾದರೂ ಕೈ ಹಾಕಿದೆಯಾ ಅಂತ ಎಷ್ಟು ಕೇಳಿದರೂ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆ ಸಂಜೆ ನಾವು ಫೋನಿನಲ್ಲಿ ಕಚ್ಚಾಡಿದ್ದು ನಿಮಗೆ ನೆನಪಿದೆ. ನಿಮ್ಮಣ್ಣನ ಅಡುಗೆಮನೆಯಲ್ಲೇ ಎಲ್ಲ ಇರೋದು ಎಂದಿರಿ ನೀವು, ಆ ಗಿರಣಿಯಿಂದ ಬಂದದ್ದು ಅಂತ ಗೊತ್ತಾದರೆ ಜನ್ಮದಲ್ಲಿ ನಿಮ್ಮ ಮೆಟ್ಟಿಲು ಹತ್ತಲ್ಲ ಎಂದೆ ನಾನು. ಆಗ ಅವಳು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಜಗಳ ಆಡಬೇಡಿ, ನಾನೇ ದಿನಾ ಬ್ರೆಡ್ ತಿಂತಿದ್ದೆ ಅಂದಳು.

ಅವತ್ತಿನಿಂದ ನೀವು ಅವಳ ಜೊತೆ ಮಾತು ಬಿಟ್ಟಿರಿ. ನಿನಗೋಸ್ಕರ ನಾನಿಲ್ಲಿ ಸಾಯ್ತಿದ್ದರೆ ನೀನು ನಾಲಿಗೆ ಚಪಲಕ್ಕೆ ಬ್ರೆಡ್ ತಿಂತೀಯಾ ಅಂದಿರಿ, ಅದೇ ಕೊನೆ. ಈಗಲೂ ಫೋನ್ ಬಂದರೆ ಅವಳೇ ಓಡಿಹೋಗಿ ಎತ್ತುತ್ತಾಳೆ, ನೀವು ಅಮ್ಮನಿಗೆ ಕೊಡು ಅನ್ನುತ್ತೀರಿ, ಅವಳು ಕೊಡುತ್ತಾಳೆ. ನಾನೂ ಏನು ಕಮ್ಮಿ ಮಾಡಲಿಲ್ಲ. ಟೀಚರಿಗೆ ಹೇಳಿ ಊಟದ ಹೊತ್ತಿನಲ್ಲಿ ಅವಳೊಬ್ಬಳನ್ನೇ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರಿಸುವ ಹಾಗೆ ಮಾಡಿದೆ. ಅವಳು ದಿನಾ ಅಲ್ಲಿ ಕೂತು ನಿಮ್ಮ ಹಿಟ್ಟಿನ ರೊಟ್ಟಿ ತಿಂದು ಬರುತ್ತಿದ್ದಳು.

ಹೋದ ಮಂಗಳವಾರ ಅವಳ ಸ್ವೆಟರ್ ತೆಗೆದುಕೊಂಡು ಹೋಗಲು ನಾನು ಅಲ್ಲಿಗೆ ಬಂದಿದ್ದೆ. ಸೈಕಲ್ ರಿಪೇರಿಯವರು ನಿಮಗೆ ಹೇಳಿರಬೇಕು, ಅದಕ್ಕೇ ಅವತ್ತು ಬಿಟ್ಟೂ ಬಿಡದೆ ಫೋನ್ ಮಾಡಿದಿರಿ. ನಾನು ಹಿತ್ತಲ ಕಡೆಯಿಂದ ಬಂದೆ. ಗಾಜಿನಾಚೆ ನೀವು ಕಂಡಿರಿ. ಒಗೆದ ಅಂಗಿ, ಒದ್ದೆ ತಲೆ. ಮೇಲುಗಲ್ಲನ್ನು ಮಗುಚಿ ಇಟ್ಟುಕೊಂಡು ಉಳಿಯಿಂದ ಹೊಸ ಗೀರು ಹೊಡೆಯುತ್ತಿದ್ದಿರಿ. ರೊಟ್ಟಿ ತರಿತರಿ ಆಗುತ್ತೆ ಅಂತ ಅವಳು ಯಾವಾಗಲೋ ಒಮ್ಮೆ ಅಂದಿದ್ದಕ್ಕೆ ನೀವು ಪ್ರತಿ ಡಬ್ಬಿಗೂ ಮುಂಚೆ ಕಲ್ಲಿಗೆ ಉಳಿ ಹಾಕುತ್ತೀರಿ, ನನಗೆ ಗೊತ್ತು. ಏನೋ ಹಾಡು ಗುನುಗುತ್ತಿದ್ದಿರಿ. ನೋಡಿ ಎಷ್ಟೋ ದಿನದ ಮೇಲೆ ನನ್ನ ಮನಸ್ಸು ಕರಗಿತು. ರಿಪೋರ್ಟು ಚೆನ್ನಾಗಿ ಬಂದರೆ ಇಬ್ಬರೂ ವಾಪಸ್ ಬಂದುಬಿಡೋಣ ಅನ್ನಿಸಿ ಬಾಗಿಲು ತಟ್ಟಲು ಕೈ ಎತ್ತಿದೆ.

ಆಗ ನೀವು ಕಲ್ಲು ಕೂರಿಸಿ, ಮೂಲೆಯ ಡಬ್ಬ ತೆಗೆದು, ಎರಡು ಹಿಡಿ ಬೂಸಾ ಕಲ್ಲಿನ ಬಾಯಿಗೆ ಹಾಕಿದಿರಿ. ಗೋಧಿ ಬೂಸಾ.

ಮಾವನವರಿದ್ದಾಗ ನಾನೂ ನೋಡಿದ್ದೇನೆ. ಉಳಿ ಹಾಕಿದ ಕಲ್ಲು ಮರಳು ಉದುರಿಸುತ್ತದೆ, ಆ ಮರಳನ್ನು ಬೂಸಾ ಎಳೆದುಕೊಂಡು ಬರುತ್ತದೆ, ಅದಕ್ಕೇ ಕಲ್ಲಿಗೆ ಮೊದಲ ತುತ್ತು ಬೂಸಾದ್ದೇ ಆಗಬೇಕು ಅಂತ ಅವರು ನಿಮಗೆ ಕಲಿಸಿದ್ದು. ನೀವದನ್ನು ಯೋಚಿಸಿ ಮಾಡಲಿಲ್ಲ, ನಿಮ್ಮ ಕೈ ತಾನಾಗಿ ಮಾಡಿತು. ನಿಮ್ಮ ಪಾಲಿಗೆ ಬೂಸಾ ಗೋಧಿಯೇ ಅಲ್ಲ, ಪೊರಕೆ ಇದ್ದ ಹಾಗೆ. ಅವಳ ಬಾಯಿಗೆ ಮರಳು ಸಿಗಬಾರದು ಅಂತಲೇ ಹಾಕಿದಿರಿ. ಬಂದದ್ದನ್ನು ಹೊರಗೆ ಚೆಲ್ಲಿ, ಬ್ರಶ್ಶಿನಿಂದ ಗುಡಿಸಿ, ಅವಳ ಅಕ್ಕಿ ಸುರಿದಿರಿ. ಹೊಸ ಗೀರುಗಳೊಳಗೆ ಕೂತ ಪುಡಿ ಬ್ರಶ್ಶಿಗೆ ಬರುತ್ತದೆಯೇ? ಹಿಟ್ಟು ನುಣ್ಣಗಾಗಲಿ ಅಂತ ನೀವು ಉಳಿ ಹಿಡಿದ ಪ್ರತಿ ಸಲವೂ ಅದು ಅವಳ ಹೊಟ್ಟೆ ಸೇರಿದೆ. ನಾನು ಬಾಗಿಲು ತಟ್ಟಲಿಲ್ಲ. ಸ್ವೆಟರೂ ತರಲಿಲ್ಲ.

ಗಿರಣಿಯದೇ ತಪ್ಪು ಅಂತ ಸಾಬೀತಾಗಲಿ ಎಂದು ವರ್ಷದಿಂದ ಹಲ್ಲು ಕಚ್ಚಿ ಕಾಯುತ್ತಿದ್ದವಳು ನಾನು. ಸಾಬೀತಾಯಿತು. ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ನಿಮ್ಮನ್ನು ಬೈಯಲೂ ಆಗುತ್ತಿಲ್ಲ. ನಿರ್ಲಕ್ಷ್ಯ ಮಾಡಿದ್ದರೆ ಬೈಯಬಹುದಿತ್ತು.

ನಾಳೆಯೇ ಆ ಡಬ್ಬವನ್ನು ಬೀದಿಗೆ ಎಸೆಯುತ್ತೀರಿ, ಕಲ್ಲನ್ನು ಒಡೆದುಹಾಕಿ ಇನ್ನೊಂದು ತರುತ್ತೀರಿ, ನನಗೆ ಗೊತ್ತು. ಆದರೂ ಬೇಡ. ನಿಮ್ಮ ಕೈಗೆ ಇನ್ನೇನೇನು ಅಭ್ಯಾಸವಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಷ್ಟು ತೊಳೆದ ಕೈಯೇ ಹೀಗಾದರೆ ಯಾರ ಕೈ ನಂಬಲಿ? ನನ್ನ ಕೈ ಮೇಲೂ ಈಗ ನಂಬಿಕೆಯಿಲ್ಲ. ತಟ್ಟೆಯನ್ನು ಮೂರು ಮೂರು ಸಲ ತೊಳೆದು ಮುಂದಿಡುತ್ತೇನೆ. ಅನ್ನ, ಆಲೂಗಡ್ಡೆ, ಮೊಟ್ಟೆ, ಹಣ್ಣು, ಇಷ್ಟೇ ಕೊಡುತ್ತಿದ್ದೇನೆ. ಕರುಳು ಮಾಯುತ್ತದೋ ಇಲ್ಲವೋ, ಹೋದ ಎತ್ತರವಂತೂ ಬರುವುದಿಲ್ಲ. ಇನ್ನು ಮೇಲೆ ಡಬ್ಬಿ ಕಳಿಸಬೇಡಿ. ನಮ್ಮನ್ನು ಬನ್ನಿ ಎಂದು ಕರೆಯಲೂಬೇಡಿ. ಆ ಆಸೆ ಮುಗಿಯಿತು.

ಒಂದೇ ಒಂದು ಕೇಳುತ್ತೇನೆ. ಈ ಪತ್ರ ಓದಿದ ಕೂಡಲೇ ಫೋನ್ ಮಾಡಿ, ಅವಳು ಎತ್ತಿದರೆ ಅಮ್ಮನಿಗೆ ಕೊಡು ಅನ್ನಬೇಡಿ. ಅವಳು ಬ್ರೆಡ್ ತಿಂದಿರಲಿಲ್ಲ. ನಾವಿಬ್ಬರೂ ಬಾಯಿ ಮುಚ್ಚಲಿ ಅಂತ ಸುಳ್ಳು ಹೇಳಿದಳು ಅಂತ ನನ್ನ ಊಹೆ.

ಇಂತಿ,
ಕೋಪ ಮಾಡಿಕೊಳ್ಳಲೂ ಆಗದ
ನಿಮ್ಮಾಕೆ

ತಾ.ಕ.: ಲಕೋಟೆ ಅಂಟಿಸಲು ಅವಳನ್ನು ಕರೆದೆ. ನಿನ್ನ ತಪ್ಪಿಲ್ಲ, ಅದು ಹಿಟ್ಟಿನಲ್ಲೇ ಇತ್ತು ಅಂತ ಅಪ್ಪನಿಗೆ ಬರೆದಿದ್ದೇನೆ, ಇನ್ನು ನಿನ್ನ ಜೊತೆ ಮಾತಾಡುತ್ತಾರೆ ಎಂದೆ. ಅಷ್ಟೇ ಹೇಳಿದ್ದು, ಬೇರೇನೂ ಬಾಯಿ ಬಿಟ್ಟಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಬೂಸಾ ವಿಷಯ ಬರೆದುಬಿಟ್ಯಾ ಅಮ್ಮಾ ಅಂತ ಕೇಳಿದಳು. ರಜೆಯಲ್ಲಿ ಆ ಸ್ಟೂಲಿನ ಮೇಲೆ ಕೂತು ನೋಡಿದ್ದಳಂತೆ. ಆವತ್ತಿನಿಂದ ಗೊತ್ತಿದ್ದೇ ತಿಂದಿದ್ದಾಳೆ. ಯಾಕೇ ಹೇಳಲಿಲ್ಲ ಅಂತ ಹಿಡಿದು ಅಲ್ಲಾಡಿಸಿದೆ. ಹೇಳಿದ್ರೆ ನೀನು ಹಿಟ್ಟು ಬೇಡ ಅಂತೀಯ, ಹಿಟ್ಟೂ ಬೇಡ ಅಂದ್ರೆ ಅಪ್ಪ ನಮಗೆ ಇನ್ನೇನು ಕಳಿಸ್ತಾರೆ ಅಂದಳು. ಪತ್ರ ಹಾಕಬೇಡ ಅಂತ ಬಾಗಿಲಿಗೆ ಅಡ್ಡ ಕೂತು ಅಳುತ್ತಿದ್ದಾಳೆ. ಅವಳನ್ನು ದಾಟಿಕೊಂಡು ಹೋಗಿ ಹಾಕಿ ಬರುತ್ತೇನೆ.