ಕಡತದಲ್ಲಿ ಉಳಿದ ಮಾತು

ಮಾರ್ಚ್ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೋ, ಆದರೆ ಇದನ್ನು ಓದಿದ ಮೇಲೆ. ಅಧಿವೇಶನ ಶುರುವಾದರೆ ಅಕ್ಕನಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ನಿನ್ನ ಯಜಮಾನರ ಮೊಣಕಾಲು ನೋವು ಹೇಗಿದೆ?

ನಾವಿಬ್ಬರೂ ಗುಡುಗಪ್ಪ ಅಂತ ಕರೆಯುತ್ತಿದ್ದ ಆ ಮಂತ್ರಿ ಬಿದ್ದ. ಪತ್ರಿಕೆಯಲ್ಲಿ ನೋಡಿರುತ್ತೀ. ಹೇಗೆ ಬಿದ್ದ ಅನ್ನುವುದು ಅದರಲ್ಲಿ ಬಂದಿಲ್ಲ.

ಹನ್ನೊಂದು ವರ್ಷದ ಹಿಂದೆ ಸೇತುವೆ ಕುಸಿದಾಗ ಈ ಮಂತ್ರಿ ಕೆಳಮನೆಯಲ್ಲಿ ಎದ್ದು ನಿಂತು, ಅಲ್ಲಿನ ಎಂಜಿನಿಯರು ಕುಡುಕ, ಅವನಿಂದ ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ ಎಂದಿದ್ದನಲ್ಲ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ನಮ್ಮ ಅಪ್ಪನ ಬಗ್ಗೆ! ವಕೀಲರು ಕೈಚೆಲ್ಲಿದ್ದು ನೆನಪಿದೆಯಾ? “ಸದನದ ಒಳಗೆ ಆಡಿದ ಮಾತಿಗೆ ಯಾವ ಕೋರ್ಟೂ ಕೈ ಹಾಕಲ್ಲಮ್ಮ. ಅದನ್ನೇ ಹೊರಗೆ ಮೆಟ್ಟಿಲ ಮೇಲೆ ನಿಂತು ಆಡಿದ್ರೆ ಎಳೆದು ತರ್ತಿದ್ದೆ.” ಅಪ್ಪ ಹೊರಗೆ ಹೋಗುವುದನ್ನು ಬಿಟ್ಟರು. ಎರಡೇ ವರ್ಷ, ನಮ್ಮನ್ನೂ ಬಿಟ್ಟರು. ಸಭಾಧ್ಯಕ್ಷರ ಪೀಠದ ಕೆಳಗಿನ ಮೇಜಿನಲ್ಲಿ ಕೂತು ಐದೈದು ನಿಮಿಷದ ಸರದಿಯಲ್ಲಿ ಎಲ್ಲರ ಮಾತನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ನಾನು, ಅವನು ಬಾಯಿ ತೆರೆದಾಗಲೆಲ್ಲ ಒಂದು ಮಾತು ಜಾರಲೆಂದು ಕಾದೆ.

ಮೊನ್ನೆ ಮಂಗಳವಾರ, ಪ್ರಶ್ನೋತ್ತರದ ವೇಳೆ. ಹೊಸದಾಗಿ ಗೆದ್ದು ಬಂದ ಒಬ್ಬ ಸದಸ್ಯೆ, ಮೊದಲು ಶಾಲೆಯಲ್ಲಿ ಟೀಚರಾಗಿದ್ದವರು, ಸೇತುವೆಯ ತನಿಖೆ ಏನಾಯಿತೆಂದು ಕೇಳಿದರು. ಲಿಖಿತ ಉತ್ತರ ಓದಿ ಕೂರಲು ಹೋದ ಗುಡುಗಪ್ಪನನ್ನು ಬಿಡದೆ ಉಪಪ್ರಶ್ನೆಯ ಮೇಲೆ ಉಪಪ್ರಶ್ನೆ ಹಾಕಿದರು. ಅವನಿಗೆ ಪಿತ್ತ ನೆತ್ತಿಗೇರಿತು. ಗದ್ದಲ ಎದ್ದಿತು, ಸಭಾಧ್ಯಕ್ಷರು ಅವನ ಮೈಕು ಆರಿಸಿದರು. ಮೈಕಿಲ್ಲದೆ ಅವನು ಕೂಗಿದ್ದು ನನ್ನ ತಲೆಯ ಮೇಲೆಯೇ: “ಆ ಎಂಜಿನಿಯರ್ ಕಾಗದ ನನ್ನ ಮೇಜಿಗೆ ಬಂದಿತ್ತು ಕಣ್ರೀ! ಬಂದ ಕಾಗದಕ್ಕೆಲ್ಲ ಸೇತುವೆ ಮುಚ್ಚೋಕಾಗುತ್ತಾ?”

ಬರೆದುಕೊಂಡೆ, ಪುಟ್ಟಿ. ಒಂದು ಅಕ್ಷರವೂ ತಪ್ಪಲಿಲ್ಲ.

ಅರ್ಧ ಗಂಟೆಯಲ್ಲಿ ಅವನ ಆಪ್ತ ಕಾರ್ಯದರ್ಶಿ ನಮ್ಮ ಕೋಣೆಗೆ ಬಂದ. “ಒಂದೇ ಒಂದು ಪದ ಮೇಡಂ. ‘ಬಂದಿತ್ತು’ ಅನ್ನೋದನ್ನ ‘ಬಂದಿರಲಿಲ್ಲ’ ಮಾಡಿ.”

“ವ್ಯಾಕರಣ ತಿದ್ದಬಹುದು, ಅರ್ಥ ತಿದ್ದೋಕೆ ಬರಲ್ಲ ಸಾರ್. ಮಾತು ತೆಗೆಸೋ ಅಧಿಕಾರ ಸಭಾಧ್ಯಕ್ಷರದ್ದು. ಅವರಿಗೆ ಬರ್ಕೊಡಿ.”

ಆಮೇಲೆ ಗುಡುಗಪ್ಪನೇ ಬಂದ. ಅಷ್ಟು ಹತ್ತಿರದಿಂದ ಅವನನ್ನು ನೋಡಿರಲಿಲ್ಲ. ಕಾಲರಿನ ಒಳಗೆ ಬೆವರಿನ ಗೆರೆ. “ಮೈಕ್ ಇರ್ಲಿಲ್ಲ. ನಾನು ಹೇಳಿದ್ದಕ್ಕೆ ನಿಮ್ಮ ಪುಸ್ತಕ ಬಿಟ್ರೆ ಏನು ಸಾಕ್ಷಿ?” ಎಂದ. ನಾನು ಯಾರ ಮಗಳೆಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೇಳಿದ್ದರೆ, ಇವಳು ಹಗೆಯಿಂದ ಬರೆದಳು ಎನ್ನಲು ಅವನಿಗೆ ದಾರಿಯಾಗುತ್ತಿತ್ತು. “ನನ್ನ ಸರದಿ ಮುಗೀತಾ ಬಂದಿತ್ತು ಸಾರ್. ಮುಂದಿನ ಸರದಿಯವರು ಬಂದು ಕೂತಿದ್ರು, ಅವರ ಪುಸ್ತಕನೂ ಇದೆ,” ಎಂದಷ್ಟೇ ಹೇಳಿದೆ.

ಸಭಾಧ್ಯಕ್ಷರು ಎರಡೂ ಪುಸ್ತಕ ತರಿಸಿ ಓದಿಸಿದರು. ಅಕ್ಷರಕ್ಕೆ ಅಕ್ಷರ ಒಂದೇ. ಅದರಲ್ಲಿ ಅಸಭ್ಯವಾದದ್ದೇನೂ ಇಲ್ಲ, ಕಡತದಲ್ಲೇ ಇರಲಿ ಎಂದರು. ಮರುದಿನ ಟೀಚರಮ್ಮ ಸದನದ ಹನ್ನೊಂದು ವರ್ಷ ಹಳೆಯ ವರದಿಯನ್ನೂ ಹೊಸದನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದು, ಸದನಕ್ಕೆ ಸುಳ್ಳು ಹೇಳಿದನೆಂದು ಹಕ್ಕುಚ್ಯುತಿಯ ಸೂಚನೆ ಕೊಟ್ಟರು. ಅವನ ಪಕ್ಷದವರೇ ಮುಖ ಎತ್ತಲಿಲ್ಲ. ಮತಕ್ಕೆ ಹಾಕುವ ಮೊದಲೇ ರಾಜೀನಾಮೆ.

ಅವನ ಕೊನೆಯ ಹೇಳಿಕೆಯ ಸರದಿಯನ್ನು ನಾನು ಕೇಳಿ ಪಡೆದೆ. ಎಲ್ಲರ ತೊದಲನ್ನೂ ನಾವು ಒರೆಸಿ ಹಾಕುತ್ತೇವೆ. ಅವನದನ್ನು ಮಾತ್ರ ಒಂದನ್ನೂ ಬಿಡದೆ ಟೈಪು ಮಾಡಿದೆ, ಹತ್ತೊಂಬತ್ತು ತೊದಲು. ನಮ್ಮ ಕಚೇರಿಯ ಹಿರಿಯರು ನೋಡಿ ಒಂದೊಂದಾಗಿ ಹೊಡೆದು ಹಾಕಿದರು. “ಇದು ನಮ್ಮ ಕೆಲಸ ಅಲ್ಲಮ್ಮ,” ಎಂದರು. ಕೆನ್ನೆ ಬಿಸಿಯಾಯಿತು. ಆದರೂ ಸುಳ್ಳು ಹೇಳಲಾರೆ: ಟೈಪು ಮಾಡುವಾಗ ಹೊಟ್ಟೆ ತಣ್ಣಗಾಗಿತ್ತು.

ಮಕ್ಕಳಿಗೆ ನನ್ನ ಆಶೀರ್ವಾದ. ನೀವೆಲ್ಲ ನೂರು ಕಾಲ ಚೆನ್ನಾಗಿರಿ.

ನಿನ್ನ,
ಅಕ್ಕ

ಮರೆತಿದ್ದೆ — ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹನ್ನೊಂದು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅವನು ಅಪ್ಪನನ್ನು ಕುಡುಕ ಎಂದ ಹೊತ್ತಿಗೆ ಮೇಜಿನಲ್ಲಿದ್ದವಳು ನಾನೇ. ಅವನ ಮಾತಿಗೆ ತಲೆಬುಡ ಇರಲಿಲ್ಲ, ಅರ್ಧಂಬರ್ಧ. ಹೊಸ ಕೆಲಸ, ಹೆದರಿಕೆ; ಕೂತು ಅದನ್ನು ನೇರವಾದ, ಚೊಕ್ಕವಾದ ಒಂದು ವಾಕ್ಯ ಮಾಡಿಕೊಟ್ಟೆ. ಪತ್ರಿಕೆಗಳೆಲ್ಲ ಅಚ್ಚು ಹಾಕಿದ್ದು ಆ ವಾಕ್ಯವನ್ನು. ಅಪ್ಪ ಓದಿ, ಪತ್ರಿಕೆ ಮಡಚಿಟ್ಟು, “ಇದನ್ನ ಯಾರು ಬರ್ಕೊಂಡಿದ್ದು, ಮಗಳೇ?” ಎಂದು ಕೇಳಿದರು. ಗೊತ್ತಿಲ್ಲಪ್ಪ ಅಂದೆ.