ಮೌಖಿಕವಾಗಿ ಮೂಗು ಒರೆಸುವ ಕುರಿತು

ಶಾಲಾ ಸುರಕ್ಷತಾ ವಿಭಾಗದ ಮಾನ್ಯ ನಿರ್ದೇಶಕರೇ,

ಶಿಕ್ಷಕರು ಮಕ್ಕಳನ್ನು ಮುಟ್ಟಕೂಡದು, ಎಲ್ಲವನ್ನೂ 'ಮೌಖಿಕ ಮಾರ್ಗದರ್ಶನ'ದಿಂದಲೇ ನಿಭಾಯಿಸಬೇಕು ಎಂಬ ತಮ್ಮ ಹೊಸ ನಿಯಮ ನನ್ನ ಕೈಗಳನ್ನು ಕಟ್ಟಿಹಾಕಿದೆ. ನಾನು ಒಂದನೇ ತರಗತಿಯ ಮೇಷ್ಟ್ರು. ಅದರ ಮೇಲೆ ಗಂಡಸು. ಅಪ್ಪಣೆಯನ್ನು ಶಿರಸಾವಹಿಸಿ ಪಾಲಿಸುತ್ತಿದ್ದೇನೆ. ಒಂದೇ ಸಂದೇಹ: ಸೋರುವ ಮೂಗನ್ನು ಮೌಖಿಕವಾಗಿ ಒರೆಸುವುದು ಹೇಗೆ? ಈ ಬಗ್ಗೆ ತರಬೇತಿಯೇನಾದರೂ ಇದ್ದರೆ ದಯವಿಟ್ಟು ಏರ್ಪಡಿಸಿ. ನಮ್ಮಲ್ಲಿ ಮೂಗುಗಳಿಗೇನೂ ಬರವಿಲ್ಲ.

ನಿಯಮವೇ ತಪ್ಪೆಂದು ನಾನು ಹೇಳುತ್ತಿಲ್ಲ. ಹೇಳಲು ನನಗೆ ಬಾಯಿಯೂ ಇಲ್ಲ. ಎಲ್ಲೋ ಒಬ್ಬ ನೀಚ ಮಾಡಬಾರದ್ದನ್ನು ಮಾಡಿದ. ಆ ಸುದ್ದಿ ಓದಿದ ದಿನ ನನಗೂ ಊಟ ಸೇರಲಿಲ್ಲ. ನನಗೂ ಮಗಳಿದ್ದಾಳೆ. ನಿಯಮ ಬಂದಾಗ ನನ್ನ ಹೆಂಡತಿ, "ಬರ್ಲೇಬೇಕಿತ್ತು ಬಿಡ್ರೀ, ಇಷ್ಟು ದಿನ ಯಾಕೆ ಬಂದಿರ್ಲಿಲ್ಲ ಅಂತ ಕೇಳಿ" ಎಂದಳು. ನಾನೂ ಹೌದೆಂದು ತಲೆಯಾಡಿಸಿದೆ. ಬಲೆ ಬೀಸಿದ್ದು ಅವನಂಥವರಿಗೆ, ಸಿಕ್ಕಿಬಿದ್ದವನು ನಾನು ಎಂದು ತರಗತಿಗೆ ಹೋದ ಮೇಲೆ ಗೊತ್ತಾಯಿತು.

ನನ್ನ ತರಗತಿಯಲ್ಲೊಬ್ಬಳಿದ್ದಾಳೆ. ಮಾತು ನಿಲ್ಲಿಸುವುದೇ ಇಲ್ಲವಾದ್ದರಿಂದ ಎಲ್ಲರಿಗೂ ಅವಳು ಪಟಾಕಿ. ಬಾಯಿ ಎಷ್ಟು ಚುರುಕೋ ಬೆರಳು ಅಷ್ಟೇ ಮೊಂಡು. ಪೆನ್ಸಿಲನ್ನು ಸುತ್ತಿಗೆಯಂತೆ ಹಿಡಿಯುತ್ತಾಳೆ. ಇಂಥವರ ಪಕ್ಕದಲ್ಲಿ ಕೂತು, ಕೈಮೇಲೆ ಕೈಯಿಟ್ಟು ನಾಲ್ಕು ಸಲ ತಿದ್ದಿಸಿದರೆ ಐದನೆಯ ಸಲ ಕೈ ತಾನೇ ತಿರುಗುತ್ತದೆ. ನನ್ನ ಅಪ್ಪ ನನಗೆ ಕಲಿಸಿದ್ದು ಹಾಗೆ. ತಮಗೂ ಯಾರೋ ಹಾಗೆಯೇ ಕಲಿಸಿರಬೇಕು. ಇಲ್ಲದಿದ್ದರೆ ಈ ನಿಯಮಕ್ಕೆ ತಾವು ಸಹಿ ಹಾಕುವುದಾದರೂ ಹೇಗೆ ಸಾಧ್ಯವಿತ್ತು? ಈಗ ನಾನು ಮೇಜಿನಾಚೆ ನಿಂತು, "ಎಡಕ್ಕೆ ಬಾ, ಮೇಲೆ ಹೋಗು, ಇನ್ನೂ ಸ್ವಲ್ಪ, ಸಾಕು ಸಾಕು" ಎಂದು ಲಾರಿಯನ್ನು ಹಿಂದಕ್ಕೆ ತೆಗೆಸುವ ಕ್ಲೀನರ್‌ನಂತೆ ಕೂಗುತ್ತೇನೆ. ಅವಳ ಅಕ್ಷರ ಪುಟ ದಾಟಿ ಮೇಜಿನ ಮೇಲೆ ಹೋಗಿರುತ್ತದೆ.

ಕಳೆದ ವಾರ ಪಟಾಕಿ ಮೆಟ್ಟಿಲಿಂದ ಉರುಳಿದಳು. ತುರ್ತು ಸಂದರ್ಭದಲ್ಲಿ ಮುಟ್ಟಲು ತಾವು ಅವಕಾಶ ಕೊಟ್ಟಿದ್ದೀರಿ, ಉಪಕಾರವಾಯಿತು. ಆದರೆ ತಾವು ಹಾಕಿಸಿದ ಕ್ಯಾಮೆರಾ ಸಾಲದು, ಇನ್ನೊಬ್ಬ ವಯಸ್ಕರು ಸಾಕ್ಷಿಯಾಗಿ ಎದುರಿಗಿರಬೇಕು. ನಮ್ಮದು ಚಿಕ್ಕ ಶಾಲೆ. ಆಯಾ ನಿವೃತ್ತರಾದ ಮೇಲೆ ಆ ಜಾಗಕ್ಕೆ ತಾವು ಯಾರನ್ನೂ ಕಳಿಸಿಲ್ಲ. ಉಳಿದವರು ನಾನು, ಹೆಡ್‌ಮೇಡಂ ಇಬ್ಬರೇ. ಅವರು ಅಂದು ನಿರ್ದೇಶಕರಾದ ತಮ್ಮದೇ ಕಚೇರಿಯಲ್ಲಿ, ಇದೇ ನಿಯಮವನ್ನು ಜಾರಿಗೆ ತರುವ ಸಭೆಯಲ್ಲಿದ್ದರು. ಮಗುವಿನ ಮೊಣಕಾಲಿಂದ ರಕ್ತ ಇಳಿಯುತ್ತಿತ್ತು. ನಾನು ಬಾಗಿ ಕೈಚಾಚಿದೆ. ಅವಳೇ ಹಿಂದಕ್ಕೆ ಸರಿದಳು.

"ಬೇಡ ಸಾರ್, ಕ್ಯಾಮೆರಾ ಇದೆ. ನಿಮ್ಮನ್ನ ಹಿಡ್ಕೊಂಡು ಹೋಗ್ತಾರೆ. ನಾನೇ ಏಳ್ತೀನಿ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಆರು ವರ್ಷದ ಮಗು ನನ್ನನ್ನು ಕಾಪಾಡುತ್ತಿತ್ತು, ನಾನು ನೋಡುತ್ತ ನಿಂತಿದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಸಂಜೆ ಅವಳ ಅಮ್ಮ ಬಂದರು. ಬಸ್ ಕಂಡಕ್ಟರ್; ಹೆಗಲ ಚೀಲವನ್ನೂ ಇಳಿಸಿರಲಿಲ್ಲ. "ಮಗು ಬಿದ್ರೆ ಕೈಕಟ್ಕೊಂಡು ನಿಂತಿದ್ರಂತಲ್ಲ ಸಾರ್, ಮನಸ್ಸಾದ್ರೂ ಹೇಗೆ ಬಂತು ನಿಮ್ಗೆ?" ಎಂದರು. ನಿಯಮ ಹೇಳಿದೆ. ಬಾಗಿ ಮಗಳ ಮೊಣಕಾಲು ನೋಡಿದರು. ಆಮೇಲೆ, "ನೀವು ಎತ್ಕೊಂಡಿದ್ರೂ ನಾನೇ ಬಂದು, ಯಾಕೆ ಎತ್ಕೊಂಡ್ರಿ ಅಂತ ಕೇಳ್ತಿದ್ನೇನೋ. ಸುಳ್ಳು ಯಾಕೆ ಹೇಳ್ಲಿ" ಎಂದು ಮಗಳನ್ನು ಕರೆದುಕೊಂಡು ಹೋದರು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ.

ನಿಯಮವನ್ನು ಹಿಂತೆಗೆದುಕೊಳ್ಳಿ ಎಂದು ನಾನು ಕೇಳುವುದಿಲ್ಲ. ಸಾಕ್ಷಿ ಬೇಕೆಂದವರು ತಾವು, ಆ ಸಾಕ್ಷಿಯನ್ನು ತಾವೇ ಕೊಡಿ. ಆಯಾ ಹುದ್ದೆಯನ್ನು ತುಂಬಿ. ಅವರು ತರಗತಿಯಲ್ಲೇ ಕೂತು ನನ್ನ ಮೇಲೆ ಕಣ್ಣಿಡಲಿ, ನನಗೆ ಸಂತೋಷವೇ. ಅವರ ಕಣ್ಣೆದುರಿಗೆ ಬಿದ್ದ ಮಗುವನ್ನು ಎತ್ತಲು, ಬರೆಯದ ಕೈಯನ್ನು ಹಿಡಿದು ತಿದ್ದಿಸಲು ಅಪ್ಪಣೆ ಕೊಡಿ. ತಡಮಾಡಬೇಡಿ. ನಿನ್ನೆ ಪಕ್ಕದ ಬೆಂಚಿನ ಹುಡುಗ ಅಳುತ್ತ ನನ್ನ ಕಡೆ ಓಡಿಬರುತ್ತಿದ್ದಾಗ ಪಟಾಕಿ ಅವನ ಅಂಗಿ ಹಿಡಿದು ಎಳೆದಳು:

"ಸಾರ್ ಹತ್ರ ಹೋಗ್ಬೇಡ ಕಣೋ, ಪಾಪ."

ಇಂತಿ,
ಬೆನ್ನ ಹಿಂದಿನ ಕೈಯನ್ನು ಈ ಪತ್ರ ಬರೆಯಲಷ್ಟೇ ಮುಂದೆ ತಂದ
ಒಂದನೇ ತರಗತಿಯ ಮೇಷ್ಟ್ರು